ಸೊನೋರಾ ಮರುಭೂಮಿಯಲ್ಲೊಂದು ಹಿತ್ತಲು

(ಬಾನುಲಿ ಭಾಷಣ)



ಮರುಭೂಮಿ ಎಂದ ಕೂಡಲೇ ಮರಳ ದಿಣ್ಣೆ, ಒಂಟೆಯ ಸಾಲು, ದೂರದಲ್ಲೊಂದು ಖರ್ಜೂರದ ಮರ ಕಣ್ಣಿಗೆ ಬರುತ್ತಿದ್ದರೆ ಸದ್ಯಕ್ಕೆ ಅದನ್ನು ಪಕ್ಕಕ್ಕಿಡಿ. ನಾನು ಹೇಳಹೊರಟಿರುವ ಮರುಭೂಮಿಯಲ್ಲಿ ಮರಳಿಗಿಂತ ಮುಳ್ಳೇ ಹೆಚ್ಚು. ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣ ಭಾಗ, ಕ್ಯಾಲಿಫೋರ್ನಿಯಾದ ಒಂದು ಮೂಲೆ, ಗಡಿಯಾಚೆ ಮೆಕ್ಸಿಕೊದ ಸೊನೋರಾ ಪ್ರಾಂತ್ಯ ಮತ್ತು ಬಾಹಾ ಕ್ಯಾಲಿಫೋರ್ನಿಯಾ, ಇಷ್ಟೂ ಸೇರಿದ್ದು ಸೊನೋರಾ ಮರುಭೂಮಿ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಫೀನಿಕ್ಸ್, ಟೂಸಾನ್ ಎಂಬ ಎರಡು ದೊಡ್ಡ ಊರುಗಳು ಅದರ ಹೊಟ್ಟೆಯೊಳಗೇ ಇವೆ. ಫೀನಿಕ್ಸ್ ಸುತ್ತಮುತ್ತ ಚಿಪ್ ಕಾರ್ಖಾನೆಗಳಿರುವುದರಿಂದ ಕನ್ನಡದವರೂ ಅಲ್ಲಿ ಸಾಕಷ್ಟಿದ್ದಾರೆ. ನಮ್ಮ ಮನೆ ಇರುವುದು ಟೂಸಾನ್‌ನಲ್ಲಿ. ರಜೆಗೆ ಊರಿಗೆ ಬಂದಾಗ ‘ಅಲ್ಲಿನ ದಿನನಿತ್ಯದ ಬದುಕಿನ ಬಗ್ಗೆ ಮಾತಾಡಿ, ಪ್ರವಾಸ ಕಥನ ಬೇಡ’ ಎಂದು ಆಕಾಶವಾಣಿಯವರು ಕೇಳಿದರು. ಹಾಗಾಗಿ ಹಿತ್ತಲು, ನಾಯಿ, ಚೇಳು, ಆಮೆ ಇವುಗಳ ಬಗ್ಗೆಯೇ ಮಾತಾಡುತ್ತೇನೆ.

ಟೂಸಾನ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 280 ಮಿಲಿಮೀಟರ್. ನಮ್ಮ ಚಳ್ಳಕೆರೆ ಕಡೆಯವರು ಮಳೆಯೇ ಇಲ್ಲ ಎಂದು ಆಕಾಶ ನೋಡುತ್ತಾರಲ್ಲ, ಅಲ್ಲಿ ಬೀಳುವುದಕ್ಕಿಂತಲೂ ಇದು ಕಡಿಮೆ. ಆದರೆ ಈ ಮರುಭೂಮಿಗೆ ಎರಡು ಮಳೆಗಾಲ. ಚಳಿಗಾಲದಲ್ಲಿ ಸದ್ದಿಲ್ಲದ ಜಡಿಮಳೆ, ಬೇಸಿಗೆಯಲ್ಲಿ ಗುಡುಗು, ಸಿಡಿಲು, ದೂಳು ಎಲ್ಲವನ್ನೂ ಕಟ್ಟಿಕೊಂಡು ಬರುವ ಬಿರುಮಳೆ. ಎರಡನೆಯದಕ್ಕೆ ಅಲ್ಲಿನವರೂ ಮಾನ್ಸೂನ್ ಎಂದೇ ಹೇಳುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಹವಾಮಾನ ಇಲಾಖೆ ಅದಕ್ಕೆ ತಾರೀಖನ್ನೂ ಕಟ್ಟಿದೆ. ಮಳೆ ಮಾತ್ರ ಆ ತಾರೀಖನ್ನು ಓದಿಕೊಂಡು ಬರುವುದಿಲ್ಲ.

ಹಿರಿಯೂರಿನಿಂದ ನಮ್ಮ ಅತ್ತೆ ಮೊದಲ ಸಲ ಅಲ್ಲಿಗೆ ಬಂದಾಗ ಬೀದಿಯುದ್ದಕ್ಕೂ ಮನೆಗಳ ಮುಂದೆ ಪಾಪಾಸುಕಳ್ಳಿ, ಕತ್ತಾಳೆ ಬೆಳೆಸಿರುವುದನ್ನು ನೋಡಿ ನಿಂತುಬಿಟ್ಟರು. ‘ಅಲ್ಲಮ್ಮಾ, ನಾವು ಹೊಲದ ಬದುವಿನಾಗೆ ಕಡಿದು ಕಡಿದು ಸುಡ್ತೀವಿ, ಇವ್ರು ಕಲ್ಲು ಜೋಡ್ಸಿ ಸಾಕ್ಕಂಡವ್ರಲ್ಲ!’ ಎಂದರು. ಅತ್ತೆಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪಾಪಾಸುಕಳ್ಳಿ, ಕತ್ತಾಳೆ ಎರಡೂ ಅಮೆರಿಕ ಖಂಡದ ಒಣನೆಲದ ಗಿಡಗಳು. ಅಲ್ಲಿಂದ ಹಡಗು ಹತ್ತಿ ನಮ್ಮಲ್ಲಿಗೆ ಬಂದವು. ನಮ್ಮ ಕೆರೆಯಂಗಳವನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿಯೂ ಅದೇ ಖಂಡದ್ದು, ಹತ್ತೊಂಬತ್ತನೇ ಶತಮಾನದ ಕೊನೆಗೆ ಸೌದೆಗೆಂದು, ಬೋಳು ನೆಲಕ್ಕೆ ಹಸಿರಾಗಲೆಂದು ತಂದು ಬಿತ್ತಿದ್ದು. ಅದರ ದಾಯಾದಿ ಮೆಸ್ಕೀಟ್ ಎಂಬ ಮರ ಟೂಸಾನ್‌ನ ಹಿತ್ತಲುಗಳಲ್ಲಿ ಮರ್ಯಾದಸ್ಥ ಮರ. ಅದರ ಸಿಹಿ ಕಾಯಿಯನ್ನು ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ತಲೆತಲಾಂತರದಿಂದ ಕುಟ್ಟಿ ಹಿಟ್ಟು ಮಾಡಿ ಉಂಡಿದ್ದಾರೆ. ಈಗಲೂ ಕಾಯಿ ಆರಿಸಿ ಗಿರಣಿಗೆ ಕೊಡುವವರಿದ್ದಾರೆ.

ಇದಕ್ಕೆ ಸರಿಯಾಗಿ ನಮ್ಮ ಕಡೆಯಿಂದಲೂ ಅವರಿಗೊಂದು ಉಪದ್ರವ ಹೋಗಿದೆ. ಭಾರತ, ಅರಬ್ ನಾಡು, ಆಫ್ರಿಕಾಗಳಲ್ಲಿ ಸಹಜವಾಗಿ ಬೆಳೆಯುವ, ನಮ್ಮಲ್ಲಿ ಒಳ್ಳೆಯ ಮೇವೆಂದು ಹೆಸರಾದ ಅಂಜನ್ ಹುಲ್ಲನ್ನು ಕಳೆದ ಶತಮಾನದಲ್ಲಿ ದನದ ಮೇವಿಗೆಂದು ಅರಿಜೋನಾಕ್ಕೆ ಒಯ್ದರು. ಅಲ್ಲಿ ಅದರ ಹೆಸರು ಬಫೆಲ್ ಹುಲ್ಲು. ಬೇಸಿಗೆಯಲ್ಲಿ ಒಣಗಿ ನಿಂತರೆ ಒಂದು ಕಿಡಿ ಸಾಕು. ಆ ಮರುಭೂಮಿಯ ಗಿಡಗಳಿಗೆ ಬೆಂಕಿಯ ಅಭ್ಯಾಸವೇ ಇಲ್ಲ. ನೂರೈವತ್ತು ವರ್ಷ ಬದುಕಬಲ್ಲ, ಮೊದಲ ಕೈ ಒಡೆಯುವುದಕ್ಕೇ ಐವತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಳ್ಳುವ ಸವಾರೊ ಎಂಬ ದೈತ್ಯ ಕಳ್ಳಿಗಳು ಆ ಹುಲ್ಲಿನ ಬೆಂಕಿಗೆ ಬೆಂದು ಸಾಯುತ್ತವೆ. ಆದ್ದರಿಂದ ಚಳಿಗಾಲದ ಶನಿವಾರಗಳಲ್ಲಿ ಬಡಾವಣೆಯವರೆಲ್ಲ ಹಾರೆ ಹಿಡಿದು ಗುಡ್ಡಕ್ಕೆ ಹೋಗಿ ಈ ಹುಲ್ಲನ್ನು ಬುಡಸಮೇತ ಕೀಳುವುದುಂಟು. ನಾನೂ ಹೋಗುತ್ತೇನೆ, ನಮ್ಮೂರಿನದೇ ಹುಲ್ಲು ಎಂಬ ಸಂಕೋಚದಿಂದ ಕೈ ಸ್ವಲ್ಪ ಚುರುಕಾಗಿಯೇ ಓಡುತ್ತದೆ.

ಇನ್ನು ಬಿಸಿಲಿನ ವಿಷಯ. 2023ರಲ್ಲಿ ಫೀನಿಕ್ಸ್‌ನಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಥವಾ ದಾಟಿತು. ಆ ಊರಿರುವ ಮ್ಯಾರಿಕೋಪಾ ಜಿಲ್ಲೆಯೊಂದರಲ್ಲೇ ಆ ವರ್ಷ ಬಿಸಿಲಿಗೆ ಸಂಬಂಧಿಸಿದ ಸಾವುಗಳು 645. ರಾತ್ರಿಯೂ ತಣಿಯದ ಆ ಸೆಕೆಗೆ ಊರೊಳಗಿನ ಸವಾರೊ ಕಳ್ಳಿಗಳೂ ಕೈ ಕಳಚಿಕೊಂಡು ಬಿದ್ದವು. ಅಲ್ಲಿ ಬೇಸಿಗೆಯಲ್ಲಿ ಎ.ಸಿ. ಕೆಟ್ಟಿತು ಎಂದರೆ ಅದು ಅನನುಕೂಲವಲ್ಲ, ಅಪಾಯ. ಹಾಗಾಗಿ ಮನೆಯ ಕೆಲಸಗಳಲ್ಲಿ ಅರ್ಧದಷ್ಟು ನೆರಳಿಗೆ, ತಂಪಿಗೆ ಸಂಬಂಧಿಸಿದವು. ಚಾವಣಿಗೆ ಬಿಳಿ ಬಣ್ಣ ಬಳಿಯುವುದು, ಪಶ್ಚಿಮದ ಗೋಡೆಗೆ ಬಿಸಿಲು ಹೊಡೆಯದಂತೆ ಮರ ಬೆಳೆಸುವುದು, ಬಾಗಿಲ ಸಂದು ಮುಚ್ಚುವುದು.

ಈ ನೆರಳು, ತಂಪು, ನೀರು ಇಷ್ಟನ್ನೂ ನಾವು ನಮಗೆಂದು ಮಾಡಿಕೊಳ್ಳುತ್ತೇವೆ ನಿಜ. ಆದರೆ ಸುತ್ತಲಿನ ಜೀವಜಂತುಗಳಿಗೂ ಬೇಕಾದದ್ದು ಅದೇ ಮೂರು. ಮರುಭೂಮಿಯಲ್ಲಿ ಮನೆ ಕಟ್ಟಿದಿರಿ ಎಂದರೆ ನೀವು ಕೇಳದೆಯೇ ಅಲ್ಲೊಂದು ನೀರಿನ ತಾಣ ಕಟ್ಟಿದಿರಿ ಎಂದೇ ಅರ್ಥ. ಒಂದು ನಲ್ಲಿ ಸೋರಿದರೂ ಅದರ ಸುದ್ದಿ ಜೇನಿಗೆ, ಹಲ್ಲಿಗೆ, ಹಲ್ಲಿಯ ಹಿಂದೆ ಹಾವಿಗೆ ಮುಟ್ಟುತ್ತದೆ. ಅಲ್ಲಿ ಮನೆ ರಿಪೇರಿ ಎಂದರೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹಿತ್ತಲವರೆಗೆ, ಯಾರನ್ನು ಗೋಡೆಯಾಚೆಗೇ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಕೆಲಸ. ಇದನ್ನು ತಿಳಿಯದೆ ಅಲ್ಲಿ ನಾಯಿ ಸಾಕಿದರೆ ನಾಯಿಗೂ ಕಷ್ಟ, ಸಾಕಿದವರಿಗೂ ಕಷ್ಟ.

ನಮ್ಮ ಮನೆಯಲ್ಲಿ ನಾವು ಮಾಡಿದ ದೊಡ್ಡ ಕೆಲಸವೆಂದರೆ ಇಂಗುಗುಂಡಿ. ಟೂಸಾನ್‌ನಲ್ಲಿ ಇದಕ್ಕೊಂದು ಇತಿಹಾಸವಿದೆ. ಅಲ್ಲಿ ಬ್ರ್ಯಾಡ್ ಲ್ಯಾಂಕಾಸ್ಟರ್ ಎಂಬೊಬ್ಬರಿದ್ದಾರೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಜೆಫನಾಯಾ ಫಿರಿ ಎಂಬ ರೈತ ತನ್ನ ಒಣ ಹೊಲದಲ್ಲಿ ಮಳೆನೀರನ್ನು ತಡೆದು ಇಂಗಿಸಿದ್ದನ್ನು ಕಣ್ಣಾರೆ ಕಂಡು ಬಂದವರು. ಊರಿಗೆ ಮರಳಿ ತಮ್ಮ ಡನ್‌ಬಾರ್ ಸ್ಪ್ರಿಂಗ್ ಬಡಾವಣೆಯಲ್ಲಿ, ರಸ್ತೆ ಬದಿಯ ಕಾಂಕ್ರೀಟ್ ಅಂಚನ್ನು ಕತ್ತರಿಸಿ, ರಸ್ತೆಯಲ್ಲಿ ಹರಿದು ಹೋಗುತ್ತಿದ್ದ ಮಳೆನೀರು ಮರದ ಬುಡಕ್ಕೆ ನುಗ್ಗುವಂತೆ ಮಾಡಿದರು. ಆಗ ಅದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಮರಗಳು ಬೆಳೆದು ಬೀದಿಗೆ ನೆರಳಾದ ಮೇಲೆ, 2007ರಲ್ಲಿ, ನಗರಾಡಳಿತವೇ ಹಾಗೆ ಕತ್ತರಿಸಲು ಅನುಮತಿ ಕೊಟ್ಟಿತು. 2008ರಲ್ಲಿ ಹೊಸ ವಾಣಿಜ್ಯ ಕಟ್ಟಡಗಳು ತಮ್ಮ ಗಿಡಮರಗಳಿಗೆ ಬೇಕಾದ ನೀರಿನಲ್ಲಿ ಅರ್ಧದಷ್ಟನ್ನು ಮಳೆಯಿಂದಲೇ ಹೊಂದಿಸಬೇಕೆಂಬ ಕಟ್ಟಳೆಯೂ ಬಂತು. ಮನೆಗಳಲ್ಲಿ ಮಳೆಕೊಯ್ಲು ಮಾಡುವವರಿಗೆ ನೀರು ಸರಬರಾಜು ಇಲಾಖೆಯೇ ಸಹಾಯಧನ ಕೊಡುತ್ತದೆ. ನಮ್ಮ ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ಕಾಲದ ಲೆಕ್ಕದಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಆದರೆ ಅಲ್ಲಿ ಜನ ಮೊದಲು ಮಾಡಿ ತೋರಿಸಿದರು, ಕಾನೂನು ಹಿಂದಿನಿಂದ ಬಂತು. ನಮ್ಮಲ್ಲಿ ಕಾನೂನು ಮೊದಲು ಬಂದು ಜನ ಪೈಪು ಹಾಕಿಸಿ ರಸೀದಿ ತೋರಿಸಿದರು. ವ್ಯತ್ಯಾಸ ಇರುವುದು ಇಲ್ಲಿ.

ಲೆಕ್ಕ ಸರಳ. ಸಾವಿರ ಚದರಡಿ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ಚಾವಣಿಯ ದೋಣಿಯಿಂದ ಇಳಿಯುವ ಜಾಗದಲ್ಲಿ ಒಂದಡಿ ಆಳದ, ಅಗಲವಾದ ತಗ್ಗು ತೆಗೆದು, ನೀರು ಬೀಳುವ ಕಡೆ ಮಣ್ಣು ಕೊಚ್ಚಿಹೋಗದಂತೆ ಕಲ್ಲು ಹಾಸಿ, ಅಂಚಿನಲ್ಲಿ ಮೆಸ್ಕೀಟ್ ಮತ್ತು ಪಾಲೊವರ್ಡೆ ಗಿಡ ನೆಟ್ಟರೆ ಆಯಿತು. ಪಾಲೊವರ್ಡೆ ಎಂಬುದು ಅರಿಜೋನಾದ ರಾಜ್ಯವೃಕ್ಷ. ಬಿಸಿಲು ಹೆಚ್ಚಾದರೆ ಎಲೆ ಉದುರಿಸಿಕೊಂಡು ಹಸಿರು ಕಾಂಡದಿಂದಲೇ ಆಹಾರ ತಯಾರಿಸಿಕೊಳ್ಳುತ್ತದೆ. ಹೇಳುವಾಗ ಸರಳ ಎಂದೆ, ಅಗೆಯುವಾಗ ಅಲ್ಲ. ಒಂದು ಗೇಣು ಮಣ್ಣು ತೆಗೆಯುವಷ್ಟರಲ್ಲಿ ಕಲೀಚಿ ಎಂಬ ಬಿಳಿಯ ಪದರ ಸಿಗುತ್ತದೆ. ಸಾವಿರಾರು ವರ್ಷ ಮಣ್ಣಿನೊಳಗೆ ಸುಣ್ಣ ಇಳಿದು ಗಟ್ಟಿಯಾದದ್ದು, ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಅದನ್ನು ಒಡೆಯದಿದ್ದರೆ ನೀರು ಇಂಗುವುದಿಲ್ಲ, ನೀರು ಇಂಗದಿದ್ದರೆ ಸೊಳ್ಳೆ. ಒಂದು ದಿನದೊಳಗೆ ಗುಂಡಿ ಖಾಲಿಯಾಗಬೇಕು ಎಂಬುದು ಅಲ್ಲಿನ ನಿಯಮ.

ಅಗೆಯುವ ಮುನ್ನ ನೆಲವನ್ನು ನೆನೆಸಿಕೊಳ್ಳಬೇಕು. ಇದು ಹಾರೆಗೆ ಅನುಕೂಲ ಎಂಬುದಷ್ಟೇ ಅಲ್ಲ. ಆ ಮಣ್ಣಿನಲ್ಲಿ ಒಂದು ಬೂಷ್ಟು ಇದೆ. ಅದರ ಕಣಗಳು ದೂಳಿನ ಜೊತೆ ಶ್ವಾಸಕೋಶಕ್ಕೆ ಹೋದರೆ ‘ವ್ಯಾಲಿ ಫೀವರ್’ ಎಂಬ ಜ್ವರ ಬರುತ್ತದೆ. ಮನುಷ್ಯರಿಗೂ ಬರುತ್ತದೆ, ನೆಲ ಮೂಸುತ್ತ ತಿರುಗುವ ನಾಯಿಗಳಿಗೂ ಬರುತ್ತದೆ. ವಾರಗಟ್ಟಲೆ ಕೆಮ್ಮು, ಸುಸ್ತು, ನಾಯಿಯಾದರೆ ಊಟ ಬಿಡುವುದು, ಕುಂಟುವುದು. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಈ ಒಂದು ಕಾಯಿಲೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿಂದ ಬೇರೆ ಊರಿಗೆ ಹೋದವರು ಕೆಮ್ಮಿದರೆ ಆ ಊರಿನ ವೈದ್ಯರಿಗೆ ಇದು ಹೊಳೆಯುವುದೇ ಇಲ್ಲ. ಹಾಗಾಗಿ ‘ನಾವು ಅರಿಜೋನಾದಿಂದ ಬಂದವರು’ ಎಂದು ಬಾಯಿಬಿಟ್ಟು ಹೇಳಬೇಕು.

ಮಾನ್ಸೂನಿನ ಮೊದಲ ಮಳೆಯ ರಾತ್ರಿ ಆ ನೆಲ ಬೇರೆಯೇ ಆಗುತ್ತದೆ. ಕ್ರಿಯೋಸೋಟ್ ಎಂಬ ಪೊದೆಯ ಎಲೆ ನೆನೆದು ಇಡೀ ಊರು ಅದರ ಘಾಟು ಪರಿಮಳದಲ್ಲಿ ಮುಳುಗುತ್ತದೆ. ವರ್ಷದ ಹೆಚ್ಚು ಭಾಗ ಮಣ್ಣಿನಡಿ ಹೂತುಕೊಂಡಿದ್ದ ಸ್ಪೇಡ್‌ಫುಟ್ ಕಪ್ಪೆಗಳು ಮಳೆಯ ಸದ್ದಿಗೆ ಮೇಲೆದ್ದು ಬರುತ್ತವೆ. ಅವುಗಳ ಹಿಂಗಾಲಿನಲ್ಲಿ ಸಲಿಕೆಯ ಅಂಚಿನಂಥ ಗಟ್ಟಿ ಭಾಗವಿದೆ, ಅದರಿಂದಲೇ ಹಿಂದಕ್ಕೆ ಹಿಂದಕ್ಕೆ ನೆಲ ಕೊರೆಯುತ್ತವೆ. ಗಂಡುಕಪ್ಪೆ ಕೂಗುವುದು ದೊಡ್ಡಿಯಲ್ಲಿ ಕುರಿ ಅರಚಿದಂತೆಯೇ. ಅತ್ತೆ ‘ಇಲ್ಲೂ ಕುರಿ ಕಟ್ಟವ್ರಾ?’ ಎಂದು ಟಾರ್ಚು ಹಿಡಿದು ಹೊರಟೇ ಬಿಟ್ಟಿದ್ದರು. ನಮ್ಮ ಇಂಗುಗುಂಡಿಯಲ್ಲಿ ನೀರು ನಿಲ್ಲದಿರುವುದರಿಂದ ಅವು ಮೊಟ್ಟೆಯಿಡುವುದು ರಸ್ತೆಯಾಚೆ ಹಳ್ಳದ ಮಡುವಿನಲ್ಲಿ. ಬಿಸಿಲಿಗೆ ಮಡು ಬತ್ತುವುದರೊಳಗೆ ಮೊಟ್ಟೆ ಒಡೆದು ಗೊದಮೊಟ್ಟೆಯಾಗಿ ಕಾಲು ಮೂಡಿ ಹೊರಬೀಳಬೇಕು. ಒಂಬತ್ತು ಹತ್ತು ದಿನಗಳಲ್ಲಿ ಈ ಕೆಲಸ ಮುಗಿಸಬಲ್ಲ ಕಪ್ಪೆ ಅದು.

ಸ್ಪೇಡ್‌ಫುಟ್ ಕಪ್ಪೆಯಿಂದ ಭಯವಿಲ್ಲ. ಭಯವಿರುವುದು ಅದೇ ರಾತ್ರಿಗಳಲ್ಲಿ ಬರುವ ಇನ್ನೊಂದರಿಂದ, ಸೊನೋರಾ ನೆಲಗಪ್ಪೆ. ಅಂಗೈ ತುಂಬಿ ಮೀರುವಷ್ಟು ದೊಡ್ಡದು, ನಯವಾದ ಆಲಿವ್ ಹಸಿರು ಚರ್ಮ, ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿ. ಆ ಗ್ರಂಥಿಯಲ್ಲಿ ಹಾಲಿನಂಥ ವಿಷ. ಕಪ್ಪೆ ತಾನಾಗಿ ಯಾರ ಮೇಲೂ ಬರುವುದಿಲ್ಲ. ವರಾಂಡದ ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಕಪ್ಪೆ ಬರುತ್ತದೆ, ಅಂಗಳದಲ್ಲಿ ಕುಳಿತ ಕಪ್ಪೆಯನ್ನು ನಾಯಿ ಬಾಯಿಗೆ ಹಾಕಿಕೊಳ್ಳುತ್ತದೆ. ನಮ್ಮ ನಾಯಿ ಕರಿಯನೂ ಒಂದು ರಾತ್ರಿ ಅದನ್ನೇ ಮಾಡಿದ. ನೊರೆ, ಜೊಲ್ಲು, ಒಸಡು ಕೆಂಪಗೆ. ಪಕ್ಕದ ಮನೆಯ ಹಿರಿಯಾಕೆ ಗೋಡೆಯಾಚೆಯಿಂದಲೇ ಕೂಗಿ ಹೇಳಿದರು: ಪೈಪು ಹಿಡಿಯಿರಿ, ಗಂಟಲಿಗೆ ನೇರ ಬಿಡಬೇಡಿ, ತಲೆ ತಗ್ಗಿಸಿ ಬಾಯಿಯ ಒಂದು ಪಕ್ಕದಿಂದ ಬಿಟ್ಟು ಇನ್ನೊಂದು ಪಕ್ಕದಿಂದ ಹೊರಗೆ ಹರಿಯಲಿ, ಬಟ್ಟೆಯಿಂದ ಒಸಡು ಒರೆಸಿ, ಆಮೇಲೆ ಆಸ್ಪತ್ರೆಗೆ ಓಡಿ. ಕರಿಯ ಉಳಿದ. ಆ ವಿಷಕ್ಕೆ ನಾಯಿಗಳು ಸತ್ತದ್ದೂ ಉಂಟು. ಮಾರನೆಯ ದಿನವೇ ಹೊರಗಿನ ಬಿಳಿ ಬಲ್ಬನ್ನು ತೆಗೆದು ಹುಳುಗಳನ್ನು ಅಷ್ಟಾಗಿ ಸೆಳೆಯದ ಹಳದಿ ದೀಪ ಹಾಕಿದೆವು. ಮಳೆಗಾಲದ ರಾತ್ರಿಗಳಲ್ಲಿ ಕರಿಯ ಸರಪಳಿಯಿಲ್ಲದೆ ಹೊರಗೆ ಹೋಗುವುದಿಲ್ಲ. ನಾಯಿಯ ಆರೋಗ್ಯ ಬಲ್ಬಿನ ಬಣ್ಣದ ಮೇಲೆ ನಿಂತಿದೆ ಎಂದು ಊರಲ್ಲಿ ಹೇಳಿದರೆ ನಗುತ್ತಾರೆ.

ಇನ್ನು ಚೇಳು. ಅರಿಜೋನಾ ಬಾರ್ಕ್ ಚೇಳು ಎಂಬುದು ತಿಳಿಹಳದಿ ಬಣ್ಣದ, ಬಡಕಲು ಚೇಳು. ಅಮೆರಿಕದಲ್ಲೇ ಅತಿ ವಿಷದ ಚೇಳು ಇದು. ಬೇರೆ ಚೇಳುಗಳಂತೆ ನೆಲದಲ್ಲಿ ಬಿಲ ತೋಡಿ ಕೂರುವುದಿಲ್ಲ, ಗೋಡೆ ಹತ್ತುತ್ತದೆ, ಚಾವಣಿಯಲ್ಲಿ ತಲೆಕೆಳಗಾಗಿ ನಡೆಯುತ್ತದೆ, ಹಾಸಿಗೆಯ ಮೇಲೂ ಬೀಳುತ್ತದೆ. ಎರಡು ಎ.ಟಿ.ಎಂ. ಕಾರ್ಡು ಜೋಡಿಸಿದಷ್ಟು ದಪ್ಪದ ಸಂದಿದ್ದರೆ ಅದಕ್ಕೆ ಸಾಕು, ಒಳಗೆ ಬಂತು. ಆದ್ದರಿಂದ ಅಲ್ಲಿ ಮನೆ ಕೊಂಡವರು ಮೊದಲು ಮಾಡುವ ಕೆಲಸ ಸಂದು ಹುಡುಕುವುದು. ಬಾಗಿಲ ಬುಡಕ್ಕೆ ರಬ್ಬರ್ ಪಟ್ಟಿ, ಪೈಪು ಗೋಡೆ ಸೇರುವ ಕಡೆ ಮೇಣದಂಥ ಸೀಲೆಂಟ್, ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ. ಮಗುವಿರುವ ಮನೆಯಲ್ಲಿ ತೊಟ್ಟಿಲ ಕಾಲುಗಳನ್ನು ಗಾಜಿನ ಜಾಡಿಗಳೊಳಗೆ ಇಡುತ್ತಾರೆ, ನುಣುಪು ಗಾಜನ್ನು ಚೇಳು ಹತ್ತಲಾರದು.

ಚೇಳು ಎಷ್ಟಿವೆ ಎಂದು ತಿಳಿಯಬೇಕಾದರೆ ರಾತ್ರಿ ನೇರಳಾತೀತ ಬೆಳಕಿನ ಟಾರ್ಚು ಹಿಡಿದು ಕಾಂಪೌಂಡ್ ಗೋಡೆಯ ಉದ್ದಕ್ಕೆ ನಡೆಯಬೇಕು. ಹಗಲು ಕಣ್ಣಿಗೇ ಬೀಳದ ಪ್ರಾಣಿ ಆ ಬೆಳಕಿಗೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ಅದರ ಹೊರಕವಚದಲ್ಲಿರುವ ರಾಸಾಯನಿಕ ಅದಕ್ಕೆ ಕಾರಣ. ಆಗಷ್ಟೇ ಪೊರೆ ಕಳಚಿದ ಚೇಳು ಹೊಳೆಯುವುದಿಲ್ಲ, ಕವಚ ಗಟ್ಟಿಯಾದ ಮೇಲೆ ಹೊಳಪು ಬರುತ್ತದೆ. ಒಮ್ಮೆ ಒಂದು ತಾಯಿಚೇಳು ಸಿಕ್ಕಿತ್ತು, ಬೆನ್ನ ಮೇಲೆ ಅಕ್ಕಿಕಾಳು ಗಾತ್ರದ ಬಿಳಿ ಮರಿಗಳ ರಾಶಿ. ತಾಯಿ ಹೊಳೆಯುತ್ತಿತ್ತು, ಮರಿಗಳು ಮಂಕಾಗಿದ್ದವು. ನಮ್ಮೂರ ಚೇಳುಗಳೂ ಹೀಗೆಯೇ ಹೊಳೆಯುತ್ತವೆ. ಅಂಥ ಟಾರ್ಚು ಈಗ ಇಲ್ಲೂ ಸಿಗುತ್ತದೆ, ಕಲ್ಲುಗೋಡೆಯ ಹಳೇ ಮನೆಗಳಲ್ಲಿರುವವರು, ಮನೆ ಮುಂದೆ ಸೌದೆ ಒಟ್ಟಿಕೊಂಡವರು ಕೊಂಡಿಟ್ಟುಕೊಳ್ಳಬಹುದು. ಅರಿಜೋನಾದ ಬಾರ್ಕ್ ಚೇಳಿನ ವಿಷಕ್ಕೆ ಮೆಕ್ಸಿಕೊದಲ್ಲಿ ತಯಾರಾಗುವ ಪ್ರತಿವಿಷಕ್ಕೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಸಣ್ಣ ಮಕ್ಕಳಿಗೆ ಅದು ಜೀವ ಉಳಿಸುವ ಮದ್ದು.

ಹಾವಿನ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿರುವುದು ಬಾಲ ಗಿಲಕಿಯಾಡಿಸಿ ಎಚ್ಚರಿಕೆ ಕೊಡುವ ಹಾವು. ಸದ್ದು ಕೇಳಿದರೆ ಹಿಂದೆ ಸರಿದರಾಯಿತು. ನಾಯಿಗೆ ಆ ವಿವೇಕವಿಲ್ಲ, ಆದ್ದರಿಂದ ಆ ವಾಸನೆ, ಆ ಸದ್ದು ಬಂದರೆ ದೂರ ಹೋಗು ಎಂದು ಕಲಿಸುವ ತರಬೇತಿ ಶಿಬಿರಗಳಿವೆ. ಹೀಲಾ ಮಾನ್‌ಸ್ಟರ್ ಎಂಬ ವಿಷದ ಉಡದಂಥ ಪ್ರಾಣಿಯೂ ಇದೆ, 1952ರಿಂದ ಅದಕ್ಕೆ ಕಾನೂನಿನ ರಕ್ಷಣೆ. ಇದರ ಜೊಲ್ಲಿನಲ್ಲಿ ಸಿಕ್ಕ ಒಂದು ವಸ್ತುವನ್ನು ಆಧರಿಸಿ ಸಕ್ಕರೆ ಕಾಯಿಲೆಗೆ ಚುಚ್ಚುಮದ್ದು ತಯಾರಾಯಿತು, 2005ರಲ್ಲಿ ಮಾರುಕಟ್ಟೆಗೆ ಬಂತು. ಕಂಡಲ್ಲಿ ಕಲ್ಲು ಹೊಡೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಾಯಿಗೆ ಹಾವಿಗಿಂತ ದೊಡ್ಡ ಶತ್ರು ಡಾಂಬರು ರಸ್ತೆ. ಮಧ್ಯಾಹ್ನ ಅದರ ಬಿಸಿ 70 ಡಿಗ್ರಿ ಮುಟ್ಟಿ ಅಂಗಾಲು ಸುಟ್ಟು ಬೊಬ್ಬೆ ಬರುತ್ತದೆ. ನಮ್ಮ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವಷ್ಟು ಹೊತ್ತು ತಡೆಯಲು ಆಗದಿದ್ದರೆ ನಾಯಿಯನ್ನು ನಡೆಸಬಾರದು. ಫೀನಿಕ್ಸ್ ನಗರದಲ್ಲಿ 2016ರಿಂದ ಉಷ್ಣಾಂಶ 38 ಡಿಗ್ರಿ ಸಮೀಪಿಸಿದರೆ ನಾಯಿಗಳನ್ನು ಬೆಟ್ಟದ ಹಾದಿಗೆ ಕರೆದೊಯ್ಯುವುದೇ ನಿಷಿದ್ಧ. ಬೇಸಿಗೆಯಲ್ಲಿ ನಾಯಿಯವರೆಲ್ಲ ಬೆಳಗಿನ ಜಾವವೇ ಬೀದಿಯಲ್ಲಿರುತ್ತಾರೆ. ಎಲ್ಲರ ಜೇಬಿನಲ್ಲೂ ಒಂದು ಬಾಚಣಿಗೆ. ತಲೆಗಲ್ಲ, ಚೋಯಾ ಎಂಬ ಕಳ್ಳಿಯ ಮುಳ್ಳುಂಡೆ ಸ್ವಲ್ಪ ತಾಗಿದರೂ ನಾಯಿಯ ಕಾಲಿಗೆ ಅಂಟಿಬಿಡುತ್ತದೆ. ಕೈಯಲ್ಲಿ ಕೀಳಹೋದರೆ ಕೈಗೂ ನೆಡುತ್ತದೆ. ಬಾಚಣಿಗೆಯ ಹಲ್ಲು ಕೆಳಗೆ ತೂರಿಸಿ ಫಕ್ಕನೆ ಎಬ್ಬಿದರೆ ಬರುತ್ತದೆ. ಬೆಕ್ಕು ಸಾಕಿದವರಿಗೆ ಒಂದೇ ಮಾತು: ಮನೆಯೊಳಗೇ ಇಟ್ಟುಕೊಳ್ಳಿ. ಹೊರಗೆ ಕಯೋಟಿ ಎಂಬ ನರಿಯಂಥ ಪ್ರಾಣಿ ಇದೆ, ರಾತ್ರಿ ಕೊಂಬಿನ ಗೂಬೆ ಇದೆ.

ಹಕ್ಕಿಗಳಿಗೆ ನೀರು, ಕಾಳು ಇಡುವುದಕ್ಕೆ ಅಡ್ಡಿಯಿಲ್ಲ. ಬೇರೆ ಕಾಡುಪ್ರಾಣಿಗಳಿಗೆ ತಿನ್ನಿಸುವುದು ಮಾತ್ರ ಟೂಸಾನ್, ಫೀನಿಕ್ಸ್ ಇರುವ ಜಿಲ್ಲೆಗಳಲ್ಲಿ ಅಪರಾಧ. ಹ್ಯಾವಲೀನಾ ಎಂಬ, ಕಾಡುಹಂದಿಯನ್ನು ಹೋಲುವ ಪ್ರಾಣಿಯ ಹಿಂಡೊಂದು ನಮ್ಮ ಬೀದಿಗೆ ಬರುತ್ತದೆ. ಪಾಪಾಸುಕಳ್ಳಿಯನ್ನು ಮುಳ್ಳುಸಮೇತ ಅಗಿಯುತ್ತದೆ. ಯಾರೋ ಕರುಣೆಯಿಂದ ತರಕಾರಿ ಹಾಕಿದರೆ ಮಾರನೆಯ ದಿನದಿಂದ ಆ ಹಿಂಡು ಅಲ್ಲೇ ಠಿಕಾಣಿ. ಹಿಂಡಿನ ಕಣ್ಣಿಗೆ ನಾಯಿ ಎಂದರೆ ಕಯೋಟಿ, ತನ್ನ ಮರಿ ಹಿಡಿಯಲು ಬಂದ ವೈರಿ. ಕರುಣೆ ತೋರಿದವರೊಬ್ಬರು, ಕೋರೆಹಲ್ಲಿನ ತಿವಿತ ತಿಂದದ್ದು ಪಕ್ಕದ ಮನೆಯ ನಾಯಿ.

ಝೇಂಕಾರದ ಹಕ್ಕಿಗೆಂದು ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು ಬೆರೆಸಿ ತೂಗುಹಾಕುವ ಬಾಟಲಿಯ ಕಥೆ ಬೇರೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ರಾತ್ರಿ ತುಂಬಿಸಿಟ್ಟ ಬಾಟಲಿ ಬೆಳಗ್ಗೆ ಖಾಲಿ. ಕುಡಿಯುವುದು ಉದ್ದ ಮೂಗಿನ ಒಂದು ಜಾತಿ ಬಾವಲಿ. ಸವಾರೊ ಹೂವಿನ ಮಕರಂದ ಹೀರಿ, ಪರಾಗ ಹೊತ್ತು, ಮತ್ತೆ ಮೆಕ್ಸಿಕೊದತ್ತ ಹೊರಟ ವಲಸೆ ಹಾದಿಯಲ್ಲಿ ನಮ್ಮ ಬಾಟಲಿಗೆ ಬಾಯಿ ಹಾಕುತ್ತದೆ. 1988ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ಈ ಬಾವಲಿ ಚೇತರಿಸಿಕೊಂಡು 2018ರಲ್ಲಿ ಪಟ್ಟಿಯಿಂದ ಹೊರಬಂತು. ರಾತ್ರಿ ಬಾಟಲಿ ಎಷ್ಟು ಖಾಲಿಯಾಯಿತು ಎಂದು ಟೂಸಾನ್ ಸುತ್ತಲಿನ ಮನೆಯವರು ಬರೆದಿಟ್ಟ ಲೆಕ್ಕ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂದಿದೆ.

ಕೊನೆಗೆ ಆಮೆ. ಸೊನೋರಾ ಮರುಭೂಮಿಯ ನೆಲದಾಮೆಯನ್ನು 2011ರಲ್ಲಿ ವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದರು. ಅದನ್ನು ಕಾಡಿನಿಂದ ಎತ್ತಿಕೊಂಡು ಬರುವಂತಿಲ್ಲ. ಆದರೆ ಹಿಂದೆ ಜನ ಹಿಡಿದು ಸಾಕಿದ್ದ ಆಮೆಗಳು, ಅವುಗಳ ಮರಿಗಳು ಸಾಕಷ್ಟಿವೆ. ಅವನ್ನು ಮತ್ತೆ ಕಾಡಿಗೆ ಬಿಡುವಂತೆಯೂ ಇಲ್ಲ, ಸಾಕಿದ ಆಮೆಗಳಲ್ಲಿರಬಹುದಾದ ಉಸಿರಾಟದ ಕಾಯಿಲೆ ಕಾಡಿನವಕ್ಕೆ ಹರಡುತ್ತದೆ. ಹಾಗಾಗಿ ಅರಿಜೋನಾದ ವನ್ಯಜೀವಿ ಇಲಾಖೆಯೇ ಇಂಥ ಆಮೆಗಳನ್ನು ಅರ್ಜಿ ಹಾಕಿದ ಮನೆಗಳಿಗೆ ದತ್ತು ಕೊಡುತ್ತದೆ. ಮಾರುವಂತಿಲ್ಲ, ಮರಿ ಮಾಡಿಸುವಂತಿಲ್ಲ, ರಾಜ್ಯದ ಹೊರಗೆ ಒಯ್ಯುವಂತಿಲ್ಲ. ಹಿತ್ತಲಿಗೆ ಗಟ್ಟಿ ಬೇಲಿ ಇರಬೇಕು, ಈಜುಕೊಳವಿದ್ದರೆ ಅದಕ್ಕೆ ತಡೆ ಇರಬೇಕು, ನಾಯಿಗೂ ಆಮೆಗೂ ನಡುವೆ ಗೋಡೆ ಇರಬೇಕು. ಪಾಪದ ನಾಯಿಗಳೂ ಆಮೆಯ ಚಿಪ್ಪನ್ನು ಮೂಳೆಯೆಂದು ಕಡಿಯುತ್ತವೆ.

ನಾವು ಕರಿಯನ ಪಾಲಿಗೆ ಮುಂದಿನ ಅಂಗಳ ಬಿಟ್ಟು ಹಿತ್ತಲನ್ನು ಆಮೆಗೆ ಬಿಟ್ಟುಕೊಟ್ಟೆವು. ಬಿಲ ಕಟ್ಟುವುದು ಯಜಮಾನರ ಕೆಲಸವಾಯಿತು. ನೆಲದಲ್ಲಿ ಇಳಿಜಾರಾಗಿ ಕಾಲುವೆ ತೋಡಿ, ಎರಡು ಬದಿಗೆ ಕಾಂಕ್ರೀಟ್ ಇಟ್ಟಿಗೆ ನಿಲ್ಲಿಸಿ, ಮೇಲೆ ದಪ್ಪ ಹಲಗೆ ಹೊದಿಸಿ, ಅದರ ಮೇಲೆ ಒಂದಡಿಗೂ ಮಿಕ್ಕಿ ಮಣ್ಣು ಪೇರಿಸಿದರು. ಆಮೆ ಒಳಗೆ ಹೋಗಿ ತಿರುಗಿಕೊಳ್ಳುವಷ್ಟು ಅಗಲ, ಮಳೆನೀರು ಒಳನುಗ್ಗದಂತೆ ಬಾಯಿಯ ಮುಂದೆ ಒಂದು ದಿಬ್ಬ. ಹೊರಗೆ 43 ಡಿಗ್ರಿ ಇದ್ದಾಗಲೂ ಒಳಗೆ ಕೈ ಚಾಚಿದರೆ ಮಣ್ಣು ತಂಪು. ಅತ್ತೆ ಬಗ್ಗಿ ನೋಡಿ, ‘ನಿಮ್ಮ ಎ.ಸಿ.ಗಿಂತ ಇದು ವಾಸಿ ಕಣಯ್ಯಾ’ ಎಂದು ಮಗನಿಗೆ ಸರ್ಟಿಫಿಕೇಟ್ ಕೊಟ್ಟರು.

ಆಮೆ ಸಾಕುವುದೆಂದರೆ ಬಹುಪಾಲು ಸುಮ್ಮನಿರುವುದು. ಚಳಿ ಶುರುವಾಗುತ್ತಲೇ ಬಿಲ ಸೇರಿದರೆ ಮಾರ್ಚ್ ಹೊತ್ತಿಗೆ ಮುಖ ತೋರಿಸುತ್ತದೆ. ಕಡುಬೇಸಿಗೆಯಲ್ಲಿ ಮತ್ತೆ ಒಳಗೆ. ಕಳ್ಳಿಯ ಹಣ್ಣು, ಕಾಡುಹೂವು, ಹುಲ್ಲು ಅದರ ಊಟ, ಅಡುಗೆಮನೆಯ ಸಿಪ್ಪೆಯಲ್ಲ. ಮುದ್ದಿಗೆಂದು ಎತ್ತಲೇಬಾರದು. ಬರಗಾಲಕ್ಕೆಂದು ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡ ನೀರನ್ನು ಹೆದರಿದ ಆಮೆ ಹೊರಚೆಲ್ಲಿಬಿಡುತ್ತದೆ. ಕಾಡಿನ ಆಮೆ ಒಣ ತಿಂಗಳಲ್ಲಿ ಹೀಗೆ ಚೆಲ್ಲಿಕೊಂಡರೆ ಸಾಯಲೂಬಹುದು. ಮರುಭೂಮಿಯ ಆಮೆಗಳು ಗಟ್ಟಿನೆಲದಲ್ಲಿ ಸಣ್ಣ ತಗ್ಗು ಕೆರೆದು, ಮಳೆ ಬಂದಾಗ ಅಲ್ಲಿ ನಿಂತ ನೀರು ಕುಡಿಯುವುದನ್ನು ಸಂಶೋಧಕರು ಕಂಡು ಬರೆದಿದ್ದಾರೆ. ಇಂಗುಗುಂಡಿಯ ವಿದ್ಯೆ ಆ ನೆಲದಲ್ಲಿ ಮನುಷ್ಯರಿಗಿಂತ ಮೊದಲೇ ಇತ್ತು.

ಇದನ್ನು ಕೇಳಿ ‘ಹಾಗಾದರೆ ನಾವೂ ಒಂದು ಆಮೆ ಸಾಕೋಣ’ ಎಂದು ಯಾರೂ ಹೊರಡಬೇಡಿ. ಅಲ್ಲಿ ದತ್ತು ಕೊಡುವುದು ಇಲಾಖೆ, ಅದೂ ಕಾಡಿಗೆ ಹಿಂದಿರುಗಲಾಗದ ಆಮೆಯನ್ನು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕುರುಚಲು ಕಾಡಿನ ನಕ್ಷತ್ರ ಆಮೆಯ ವಿಷಯ ಹಾಗಲ್ಲ. ಅದೃಷ್ಟ ತರುತ್ತದೆ ಎಂಬ ನಂಬಿಕೆಯಿಂದ, ಚಿಪ್ಪಿನ ಚೆಂದಕ್ಕೆ ಮರುಳಾಗಿ, ಅದನ್ನು ಹಿಡಿದು ಮಾರುತ್ತಾರೆ, ವಿಮಾನದಲ್ಲಿ ಸೂಟ್‌ಕೇಸಿನೊಳಗೆ ತುಂಬಿ ಹೊರದೇಶಕ್ಕೂ ಕಳಿಸುತ್ತಾರೆ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಅದನ್ನು ಮೊದಲನೇ ಪಟ್ಟಿಗೆ, ಅಂದರೆ ಹುಲಿ, ಆನೆಗಳಿರುವ ಪಟ್ಟಿಗೆ ಸೇರಿಸಿದ್ದಾರೆ. ಮನೆಯಲ್ಲಿಟ್ಟುಕೊಂಡರೆ ಜೈಲು. ನಿಮ್ಮಲ್ಲಾಗಲಿ, ನಿಮಗೆ ಗೊತ್ತಿರುವವರ ಮನೆಯಲ್ಲಾಗಲಿ ತೊಟ್ಟಿಯಲ್ಲೋ ಬುಟ್ಟಿಯಡಿಯೋ ನಕ್ಷತ್ರ ಆಮೆ ಇದ್ದರೆ ಅದನ್ನು ತಂದು ಎಲ್ಲೋ ಬೆಟ್ಟದ ಬುಡದಲ್ಲಿ ಬಿಟ್ಟುಬರಬೇಡಿ, ಅದೂ ತಪ್ಪೇ. ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ, ಅವರ ಕೈಗೆ ಒಪ್ಪಿಸಿ.